ಮಳೆ ಊರುಗಳ ಬಿಸಿಲು ಹಾಡು

ಹೋದ ಸಂಚಿಕೆಯಲ್ಲಿ ಯಾವುದೋ ಉತ್ತರದ ಕೊನೆಗೆ, ಬೇಸಿಗೆ ಬೆಳಗಿನಂಥ ಹಾಡು ಮಾಡುವ ಸಣ್ಣ ಸಣ್ಣ ಬ್ಯಾಂಡುಗಳೇ ನನಗೆ ಇಷ್ಟ ಅಂತ ಸುಮ್ನೆ ಒಂದು ಮಾತು ಬರೆದುಬಿಟ್ಟಿದ್ದೆ. ಅದನ್ನೇ ಹಿಡಿದುಕೊಂಡು ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಉಳಿದ ಪ್ರಶ್ನೆ ಕಳಿಸಿದವರು ಸ್ವಲ್ಪ ತಾಳ್ಮೆಯಿಂದಿರಿ.

ಪ್ರಶ್ನೆ: ಸರ್, ಒಂದು ವಿಡಿಯೊದ ಹಿನ್ನೆಲೆಯಲ್ಲಿ ಒಂದು ಹಾಡು ಕೇಳಿದೆ. ಗಿಟಾರ್ ಗೆಜ್ಜೆ ಥರ ಘಲ್ ಅನ್ನುತ್ತಿತ್ತು. ಒಬ್ಬಳು ಪಕ್ಕದಲ್ಲೇ ಕೂತು ಹಾಡಿದಂತೆ ಮೆತ್ತಗೆ ಹಾಡುತ್ತಿದ್ದಳು. ಮಧ್ಯೆ ಚಪ್ಪಾಳೆ, ಕೊನೆಗೆ ಟ್ರಂಪೆಟ್. ಹಾಡಿನ ಹೆಸರು ಸಿಗಲಿಲ್ಲ. ಆಪ್‌ನಲ್ಲಿ ‘ಸಮ್ಮರ್ ಸಾಂಗ್ಸ್’ ಅಂತ ಹುಡುಕಿದರೆ ಕುಣಿಯುವ ಹಾಡುಗಳೇ ಬರುತ್ತವೆ. ಇಂಥದ್ದಕ್ಕೆ ಏನಂತಾರೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಹೆಸರು ಗೊತ್ತಿಲ್ಲದೆ ಹುಡುಕೋದು ಕಷ್ಟ, ಆದ್ದರಿಂದ ಮೊದಲು ಹೆಸರು. ಒಟ್ಟಾರೆಯಾಗಿ ಇದಕ್ಕೆ ಇಂಡಿ ಪಾಪ್ ಅನ್ನುತ್ತಾರೆ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಸ್ವತಂತ್ರವಾಗಿ ಮಾಡುವ ಪಾಪ್. ಗಿಟಾರಿನ ಘಲ್ ಘಲ್ ಜಾಸ್ತಿ ಇದ್ದರೆ ಜ್ಯಾಂಗಲ್ ಪಾಪ್. ಹಾಡು ಮಕ್ಕಳಾಟದಷ್ಟು ಮುದ್ದಾಗಿದ್ದರೆ ಟ್ವೀ. ಇನ್ನೊಂದು ವಿಚಿತ್ರ ಹೆಸರೂ ಇದೆ, ಸಿ86. 1986ರಲ್ಲಿ ಬ್ರಿಟನ್ನಿನ ಸಂಗೀತ ವಾರಪತ್ರಿಕೆ ಎನ್‌ಎಂಇ, 22 ಬ್ಯಾಂಡುಗಳ ಒಂದೊಂದು ಹಾಡು ಸೇರಿಸಿ ಓದುಗರಿಗೆ ಒಂದು ಕ್ಯಾಸೆಟ್ ಕೊಟ್ಟಿತು. ಆ ಕ್ಯಾಸೆಟ್ಟಿನ ಹೆಸರೇ ಆಮೇಲೆ ಒಂದು ಶೈಲಿಯ ಹೆಸರಾಗಿಬಿಟ್ಟಿತು. ನಿಜ ಹೇಳಬೇಕಂದ್ರೆ ಆ 22ರಲ್ಲಿ ಬಹಳಷ್ಟು ಹಾಡು ಒರಟು, ಗದ್ದಲ, ಬಿಸಿಲಿನ ಸುಳಿವೂ ಇಲ್ಲ. ಆದರೆ ಮೊದಲ ಹಾಡು, ಪ್ರೈಮಲ್ ಸ್ಕ್ರೀಮ್ ಬ್ಯಾಂಡಿನ ‘ವೆಲಾಸಿಟಿ ಗರ್ಲ್’, ಒಂದೂವರೆ ನಿಮಿಷ ಕೂಡ ಇಲ್ಲ, ಕಿಟಕಿ ತೆಗೆದು ಮುಚ್ಚಿದ ಹಾಗೆ ಬಂದು ಹೋಗುತ್ತೆ. ಆ ಬ್ಯಾಂಡ್ ಆಮೇಲೆ ಪೂರ್ತಿ ಬೇರೆ ದಾರಿ ಹಿಡಿಯಿತು. ಅಮೆರಿಕದಲ್ಲಿ ಮಾತ್ರ ಒಂದು ಬ್ಯಾಂಡ್ ಆ ಹಾಡಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡಿತು.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಲ್ಲ, ಈ ಅಂಕಣದಲ್ಲಿ ನಾನು ಹೇಳಬೇಕಿರೋದು ಮುಖ್ಯವಾಗಿ ಅದೊಂದೇ. ಬ್ಯಾಂಡ್ ಹುಡುಕಲು ಹೋಗಬೇಡಿ, ಲೇಬಲ್ ಹುಡುಕಿ, ಅಂದರೆ ಅವರ ರೆಕಾರ್ಡ್ ಹೊರತರುವ ಸಂಸ್ಥೆ. ಈ ಲೋಕದಲ್ಲಿ ಬ್ಯಾಂಡುಗಳು ಎರಡು ಸಿಂಗಲ್ (ಒಂದೆರಡು ಹಾಡಿನ ಪುಟ್ಟ ರೆಕಾರ್ಡ್) ಮಾಡಿ ಮಾಯವಾಗುತ್ತವೆ. ಒಬ್ಬ ಓದು ಮುಗಿಸಿ ಊರು ಬಿಟ್ಟ, ಇನ್ನೊಬ್ಬಳಿಗೆ ಕೆಲಸ ಸಿಕ್ಕಿತು, ಅಲ್ಲಿಗೆ ಮುಗೀತು. ಆದರೆ ಅಂಥ ಇಪ್ಪತ್ತು ಬ್ಯಾಂಡುಗಳ ರೆಕಾರ್ಡನ್ನು ತಂದವರು ಯಾರೋ ಒಬ್ಬಿಬ್ಬರು ಇರುತ್ತಾರೆ. ಅವರ ಕಿವಿ ನಿಮಗೆ ಹಿಡಿಸಿತು ಅಂದರೆ, ಇಪ್ಪತ್ತರಲ್ಲಿ ಹದಿನೈದು ನಿಮಗೆ ಹಿಡಿಸುತ್ತೆ.

ನಾನು ಶುರು ಮಾಡಿದ್ದು ಸಾರಾ ರೆಕಾರ್ಡ್ಸ್ ಹಿಡಿದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಅಂತ ಇಬ್ಬರು ತಾವಿದ್ದ ಮನೆಯಿಂದಲೇ ನಡೆಸಿದ ಲೇಬಲ್. 1987ರಲ್ಲಿ ಸೀ ಅರ್ಚಿನ್ಸ್ ಬ್ಯಾಂಡಿನ ಏಳಿಂಚಿನ ರೆಕಾರ್ಡಿಗೆ ‘ಸಾರಾ 1’ ಅಂತ ನಂಬರ್ ಹಾಕಿದರು. 1995ರಲ್ಲಿ ‘ಸಾರಾ 100’ ತಂದು ಅಂಗಡಿ ಮುಚ್ಚಿಬಿಟ್ಟರು. ದಿವಾಳಿ ಎದ್ದಿದ್ದಲ್ಲ, ನೂರಕ್ಕೆ ನಿಲ್ಲಿಸಿದ್ದು. ಇವರ ಬ್ಯಾಂಡುಗಳಲ್ಲಿ ನಿಮಗೆ ಬೇಕಾದ ಬಿಸಿಲು ಇರೋದು ಹೆವನ್ಲಿ, ದಿ ಆರ್ಕಿಡ್ಸ್, ಅನದರ್ ಸನ್ನಿ ಡೇ, ಆಸ್ಟ್ರೇಲಿಯಾದ ಈವನ್ ಆಸ್ ವಿ ಸ್ಪೀಕ್, ಇವರಲ್ಲಿ. ಉಳಿದವರಲ್ಲಿ ಮೋಡ ಸ್ವಲ್ಪ ಜಾಸ್ತಿ.

ಅಂದ ಹಾಗೆ ನೀವು ಕೇಳಿದ ಹಾಡು. ಮೆತ್ತನೆ ಹೆಣ್ಣುದನಿ, ಚಪ್ಪಾಳೆ, ಟ್ರಂಪೆಟ್ ಅಂದ ಕೂಡಲೇ ನನಗೆ ಸ್ಕಾಟ್ಲೆಂಡಿನ ಗ್ಲಾಸ್ಗೋದ ಕ್ಯಾಮೆರಾ ಅಬ್ಸ್ಕ್ಯೂರಾ ಬ್ಯಾಂಡ್ ನೆನಪಾಯಿತು. ಅದು ಅಲ್ಲದೇ ಇರಬಹುದು, ಆದರೂ ಅವರ 2006ರ ‘ಲೆಟ್ಸ್ ಗೆಟ್ ಔಟ್ ಆಫ್ ದಿಸ್ ಕಂಟ್ರಿ’ ಕೇಳಿನೋಡಿ. ಅದನ್ನು ಅವರು ಸ್ಟಾಕ್‌ಹೋಮಿಗೆ ಹೋಗಿ ಯಾರಿ ಹಾಪಲೈನೆನ್ ಅನ್ನುವ ನಿರ್ಮಾಪಕರ ಜೊತೆ ಮಾಡಿದ್ದು. ಅದೇ ಮನುಷ್ಯ ಸ್ವೀಡನ್ನಿನ ಕಾಂಕ್ರೀಟ್ಸ್ ಅನ್ನುವ ಬ್ಯಾಂಡಿನ ಆಲ್ಬಮ್ಮನ್ನೂ ಮಾಡಿದ್ದಾರೆ. ನೋಡಿ, ಒಂದು ಹೆಸರು ಹಿಡಿದರೆ ಇನ್ನೊಂದು ಬ್ಯಾಂಡ್ ತಾನಾಗಿ ಸಿಕ್ಕಿತು, ಅಲ್ವಾ?

ಪ್ರಶ್ನೆ: ಈ ‘ಜ್ಯಾಂಗಲ್’ ಅಂದರೆ ನಿಜವಾಗಿ ಏನು? ಸುಮ್ನೆ ಚಂದಕ್ಕೆ ಇಟ್ಟ ಹೆಸರಾ?

ಉತ್ತರ: ಸದ್ದಿಗೇ ಇಟ್ಟ ಹೆಸರು. ಬೀಗದ ಕೈ ಗೊಂಚಲು ಅಲ್ಲಾಡಿಸಿದರೆ ಬರುವ ಸದ್ದು ಗೊತ್ತಲ್ಲ, ಅದು.

ಅದರ ಮೂಲ ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರ್. ಮಾಮೂಲಿ ಗಿಟಾರಿಗೆ ಆರು ತಂತಿ. ಇದರಲ್ಲಿ ಪ್ರತಿ ತಂತಿಗೂ ಪಕ್ಕದಲ್ಲೇ ಒಂದು ಜೋಡಿ. ದಪ್ಪ ತಂತಿಗಳ ಜೋಡಿಯನ್ನು ಒಂದು ಸ್ಥಾಯಿ ಮೇಲಕ್ಕೆ ಶ್ರುತಿ ಮಾಡಿರುತ್ತಾರೆ, ಎರಡು ತೆಳು ತಂತಿಗಳ ಜೋಡಿಗೆ ಅದೇ ಸ್ವರ. ಎರಡು ತಂತಿ ಯಾವತ್ತೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಶ್ರುತಿಯಲ್ಲಿ ಇರೋದಿಲ್ಲ. ಆ ಚೂರು ವ್ಯತ್ಯಾಸದಿಂದಲೇ ಆ ಮಿನುಗು ಬರೋದು. 1965ರ ಹೊತ್ತಿಗೆ ಅಮೆರಿಕದ ಬರ್ಡ್ಸ್ ಬ್ಯಾಂಡಿನ ರೋಜರ್ ಮೆಕ್‌ಗ್ವಿನ್ ರಿಕೆನ್‌ಬ್ಯಾಕರ್ ಗಿಟಾರಿನಲ್ಲಿ ಇದನ್ನು ಜಗತ್ತಿಗೆ ಕೇಳಿಸಿದರು. ಇಪ್ಪತ್ತು ವರ್ಷ ಆದಮೇಲೆ ಬ್ರಿಟನ್ನಿನ ಹುಡುಗ ಹುಡುಗಿಯರಿಗೆ ಅದೇ ಸದ್ದು ಬೇಕಾಯಿತು, ಆದರೆ ಅಷ್ಟು ದುಬಾರಿ ಗಿಟಾರ್ ಎಲ್ಲಿಂದ ತರೋದು? ಇದ್ದ ಆರು ತಂತಿಯ ಗಿಟಾರಿಗೇ ಮೇಲಿನ ಮನೆಗಳಲ್ಲಿ ಕ್ಯಾಪೊ (ಎಲ್ಲ ತಂತಿಯನ್ನೂ ಒತ್ತಿಹಿಡಿಯುವ ಕ್ಲಿಪ್ಪು) ಬಿಗಿದು, ತಂತಿಗಳನ್ನು ಒತ್ತದೆ ಬಿಟ್ಟು, ಜೋರಾಗಿ ಮೀಟಿದರು. ಬಹುಪಾಲು ಕೆಲಸ ಅಷ್ಟರಲ್ಲೇ ಆಗುತ್ತೆ.

ಇನ್ನೊಂದು ಗುಟ್ಟೂ ಇದೆ. ಸ, ಅಂತರ ಗಾಂಧಾರ, ಪ, ಈ ಮೂರನ್ನು ಒಟ್ಟಿಗೆ ಮೀಟಿದರೆ ಅದು ಮೇಜರ್ ಕಾರ್ಡ್, ಶುದ್ಧ ಖುಷಿ. ಅದಕ್ಕೆ ಕಾಕಲಿ ನಿಷಾದ ಸೇರಿಸಿದರೆ ಮೇಜರ್ ಸೆವೆಂತ್. ಮೇಲಿನ ಷಡ್ಜಕ್ಕೆ ಒಂದೇ ಹೆಜ್ಜೆ ಬಾಕಿ ಇರುವಾಗ ಸುಮ್ಮನೆ ನಿಂತುಬಿಟ್ಟ ಸ್ವರ ಅದು. ಈ ಹಾಡುಗಳಲ್ಲಿ ಆ ಕಾರ್ಡ್ ಎಲ್ಲೆಲ್ಲೂ ಸಿಗುತ್ತೆ. ಸಂಜೆ ಐದೂವರೆಯ ಬಿಸಿಲು ಅನಿಸೋದು ಅದರಿಂದಲೇ ಅಂತ ನನ್ನ ನಂಬಿಕೆ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಒಂದು ಸಲ ಒತ್ತಿ ನೋಡಿ, ನಾನು ಹೇಳಿದ್ದು ತಕ್ಷಣ ಗೊತ್ತಾಗುತ್ತೆ.

ಪ್ರಶ್ನೆ: ನೀವು ಹೇಳುವ ಬ್ಯಾಂಡುಗಳೆಲ್ಲ ಗ್ಲಾಸ್ಗೋ, ಸ್ವೀಡನ್ ಕಡೆಯವು. ಅಲ್ಲಿ ಬಿಸಿಲೇ ಅಪರೂಪ ಅಂತಾರೆ. ಮತ್ತೆ ಹಾಡಿಗೆ ಬಿಸಿಲು ಎಲ್ಲಿಂದ ಬಂತು?

ಉತ್ತರ: ಒಳ್ಳೆ ಪ್ರಶ್ನೆ, ನನಗೂ ತುಂಬಾ ದಿನ ಕಾಡಿದ್ದು. ಬಿಸಿಲಿನ ಸಂಗೀತ ಅಂದರೆ ಕ್ಯಾಲಿಫೋರ್ನಿಯಾ ಅಂತ ನಮ್ಮ ತಲೆಯಲ್ಲಿ ಕೂತಿದೆ. ಬೀಚ್ ಬಾಯ್ಸ್ ಬಂದಿದ್ದು ಅಲ್ಲಿಂದ, ಸರಿ. ಆದರೆ ಈ ಇಂಡಿ ಪಾಪ್ ಭೂಪಟ ಬಿಡಿಸಿದರೆ ಚುಕ್ಕೆ ಬೀಳೋದು ಮಳೆ ಊರುಗಳ ಮೇಲೆ. ಗ್ಲಾಸ್ಗೋ, ಸ್ವೀಡನ್ನಿನ ಗೋಥೆನ್‌ಬರ್ಗ್, ಅಮೆರಿಕದ ಸಿಯಾಟಲ್ ಹತ್ತಿರದ ಒಲಿಂಪಿಯಾ, ನ್ಯೂಜಿಲೆಂಡಿನ ದಕ್ಷಿಣ ತುದಿಯ ಕಡೆಗಿರುವ ಡನೀಡನ್, ಸ್ಪೇನಿನಲ್ಲೂ ಒಣ ದಕ್ಷಿಣ ಬಿಟ್ಟು ಉತ್ತರದ ಸಾನ್ ಸೆಬಾಸ್ಟಿಯನ್.

ಗ್ಲಾಸ್ಗೋದಲ್ಲಿ ಡಿಸೆಂಬರ್ ಕೊನೆಗೆ ಹಗಲು ಇರೋದು ಸುಮಾರು ಏಳು ಗಂಟೆ. ಜೂನ್‌ನಲ್ಲಿ ಹದಿನೇಳು ಗಂಟೆ ದಾಟುತ್ತೆ. ಅಂಥ ಊರಲ್ಲಿ ಬೇಸಿಗೆ ಅಂದರೆ ಹವಾಮಾನ ಮಾತ್ರ ಅಲ್ಲ, ವರ್ಷವಿಡೀ ಕಾದ ಹಬ್ಬ. ಬಂತು ಅನ್ನುವಷ್ಟರಲ್ಲಿ ಹೋಗುತ್ತೆ. ದಿನಾ ಬಿಸಿಲು ಕಾಯುವವರು ಬಿಸಿಲಿನ ಮೇಲೆ ಹಾಡು ಕಟ್ಟೋದಿಲ್ಲ, ನೆರಳಿನ ಮೇಲೆ ಕಟ್ಟುತ್ತಾರೆ.

ಗ್ಲಾಸ್ಗೋದ ಕಥೆ ಶುರುವಾಗೋದು 1979ರಲ್ಲಿ. ಅಲನ್ ಹಾರ್ನ್ ಅನ್ನುವಾತ ಪೋಸ್ಟ್‌ಕಾರ್ಡ್ ಅನ್ನುವ ಲೇಬಲ್ ಹುಟ್ಟುಹಾಕಿದ. ಆರೆಂಜ್ ಜ್ಯೂಸ್, ಆಜ್‌ಟೆಕ್ ಕ್ಯಾಮೆರಾ, ಜೊತೆಗೆ ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಬಂದಿದ್ದ ಗೋ-ಬಿಟ್ವೀನ್ಸ್. ಎಲ್ಲರೂ ಚರ್ಮದ ಜಾಕೆಟ್ ಹಾಕಿ ಸಿಟ್ಟಿನಿಂದ ಕೂಗುತ್ತಿದ್ದ ಕಾಲದಲ್ಲಿ ಇವರು ಬ್ಯಾಂಡಿಗೆ ಕಿತ್ತಳೆ ರಸ ಅಂತ ಹೆಸರಿಟ್ಟರು! ಆ ಹೆಸರಿನಲ್ಲೇ ಒಂದು ಜಗಳ ಇದೆ. ಲೇಬಲ್ ಬಾಳಿದ್ದು ಎರಡು ವರ್ಷದಷ್ಟು ಮಾತ್ರ. ಆದರೆ ಅಲ್ಲಿಂದ ಹತ್ತು ವರ್ಷಕ್ಕೆ, 1989ರಲ್ಲಿ, ಟೋಕಿಯೊದಲ್ಲಿ ಫ್ಲಿಪ್ಪರ್ಸ್ ಗಿಟಾರ್ ಅನ್ನುವ ಬ್ಯಾಂಡ್ ತನ್ನ ಮೊದಲ ಆಲ್ಬಮ್ಮಿಗೆ ಆರೆಂಜ್ ಜ್ಯೂಸಿನ ಒಂದು ಹಾಡಿನ ಹೆಸರನ್ನೇ ಎತ್ತಿ ಇಟ್ಟುಕೊಂಡಿತು. ಎಲ್ಲಿಂದ ಎಲ್ಲಿಗೆ!

ಇನ್ನೊಂದು ಮಾತು. ಈ ಹಾಡುಗಳ ಸಾಹಿತ್ಯ ಸ್ವಲ್ಪ ಕಿವಿಗೊಟ್ಟು ಕೇಳಿದರೆ ಹತ್ತರಲ್ಲಿ ಏಳು ಅಳುಮುಖ. ಅವಳು ನನ್ನ ನೋಡಲಿಲ್ಲ, ಅವನು ರೈಲು ಹತ್ತಿದ, ರಜೆ ಮುಗೀತು. ರಾಗ ಮಾತ್ರ ಕುಣಿಯುತ್ತಿರುತ್ತೆ. ಬರೀ ನಗುವ ಹಾಡು ನನಗೆ ಎರಡು ಸಲಕ್ಕೆ ಸಾಕಾಗುತ್ತೆ. ಇವು ಇಪ್ಪತ್ತು ವರ್ಷವಾದರೂ ಸಾಕಾಗಿಲ್ಲ.

ಪ್ರಶ್ನೆ: ನನ್ನ ಸ್ಟ್ರೀಮಿಂಗ್ ಆಪ್ ಒಂದೇ ಹತ್ತು ಬ್ಯಾಂಡುಗಳನ್ನು ತಿರುಗಿಸಿ ಮುರುಗಿಸಿ ಕೊಡುತ್ತಿದೆ. ಅದೂ ಎಲ್ಲರಿಗೂ ಗೊತ್ತಿರುವ ಬ್ಯಾಂಡುಗಳೇ. ಅದಕ್ಕೆ ಪಾಠ ಕಲಿಸೋದು ಹೇಗೆ?

ಉತ್ತರ: ಅದಕ್ಕೆ ಪಾಠ ಕಲಿಸೋಕೆ ಹೋಗಬೇಡಿ, ಅದರ ಕೆಲಸವೇ ಹಾಗೆ. ಇದನ್ನು ಕೇಳಿದವರು ಅದನ್ನೂ ಕೇಳಿದರು ಅನ್ನುವ ಲೆಕ್ಕದ ಮೇಲೆ ಅದು ಹಾಡು ಆರಿಸುತ್ತೆ. ಇನ್ನೂರು ಜನ ಮಾತ್ರ ಕೇಳಿರುವ ಬ್ಯಾಂಡಿನ ಬಗ್ಗೆ ಅದಕ್ಕೆ ಲೆಕ್ಕವೇ ಇಲ್ಲ, ಲೆಕ್ಕ ಇಲ್ಲದ್ದನ್ನು ಅದು ಕೊಡೋದೂ ಇಲ್ಲ, ಕೊಡದಿದ್ದರೆ ಲೆಕ್ಕ ಬೆಳೆಯೋದೂ ಇಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. ಇದರ ಮೇಲೆ 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲ ಓಡದಿದ್ದರೆ ರೆಕಾರ್ಡಿಂಗಿನ ರಾಯಲ್ಟಿ ಲೆಕ್ಕಕ್ಕೇ ಬರೋದಿಲ್ಲ. ನಾವು ಮಾತಾಡುತ್ತಿರುವ ಬ್ಯಾಂಡುಗಳ ಎಷ್ಟೋ ಹಾಡುಗಳು ಆ ಗೆರೆಯ ಕೆಳಗೇ ಇರುತ್ತವೆ.

ಹಾಗಾಗಿ ಮನುಷ್ಯರ ಹತ್ತಿರ ಹೋಗಿ. ನಾನು ಮಾಡೋದನ್ನು ಹಂತ ಹಂತವಾಗಿ ಹೇಳುತ್ತೇನೆ. ಬ್ಯಾಂಡ್‌ಕ್ಯಾಂಪ್ ಅನ್ನುವ ತಾಣ ಇದೆ, ಬ್ಯಾಂಡುಗಳೇ ನೇರವಾಗಿ ತಮ್ಮ ಹಾಡು ಮಾರುವ ಜಾಗ. ನಿಮಗೆ ಇಷ್ಟವಾದ, ಆದರೆ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಆಲ್ಬಮ್ಮಿನ ಪುಟ ತೆಗೆಯಿರಿ. ಅದನ್ನು ಕೊಂಡವರ ಪುಟ್ಟ ಪುಟ್ಟ ಚೌಕ ಚಿತ್ರಗಳು ಅಲ್ಲೇ ಸಾಲಾಗಿ ಕಾಣುತ್ತವೆ. ಒಬ್ಬೊಬ್ಬರು ಎರಡು ಸಾಲು ಅಭಿಪ್ರಾಯ ಬರೆದಿರುತ್ತಾರೆ. ಅದರಲ್ಲಿ ಹುಚ್ಚು ಪ್ರೀತಿಯಿಂದ ಬರೆದವರ ಚಿತ್ರ ಒತ್ತಿ. ಅವರು ಕೊಂಡಿರುವ ಎಲ್ಲ ಆಲ್ಬಮ್ಮಿನ ಮುಖಪುಟಗಳು ಗೋಡೆಗೆ ಅಂಟಿಸಿದ ಹಾಗೆ ತೆರೆದುಕೊಳ್ಳುತ್ತವೆ. ದುಡ್ಡು ಕೊಟ್ಟು ಕೊಂಡಿದ್ದು, ನೆನಪಿಡಿ. ಸುಮ್ನೆ ಲೈಕ್ ಒತ್ತಿದ್ದಲ್ಲ. ಅದರಲ್ಲಿ ನಿಮಗೆ ಗೊತ್ತಿರುವ ಮೂರು ಆಲ್ಬಮ್ ಕಂಡರೆ, ಗೊತ್ತಿಲ್ಲದ ನಾಲ್ಕನೆಯದನ್ನು ಕಣ್ಣು ಮುಚ್ಚಿ ಕೇಳಬಹುದು.

ಪುಟದ ಕೆಳಗಡೆ ಟ್ಯಾಗುಗಳಿರುತ್ತವೆ. ಜ್ಯಾಂಗಲ್ ಪಾಪ್, ಟ್ವೀ, ಇತ್ಯಾದಿ. ಕೊನೆಯ ಟ್ಯಾಗ್ ಸಾಮಾನ್ಯವಾಗಿ ಬ್ಯಾಂಡಿನ ಊರು. ಅದನ್ನು ಯಾರೂ ಒತ್ತೋದಿಲ್ಲ, ನೀವು ಒತ್ತಿ. ಒಂದು ಊರಿನಲ್ಲಿ ಇಂಥ ಬ್ಯಾಂಡ್ ಒಂಟಿಯಾಗಿ ಇರೋದು ಬಹಳ ಕಮ್ಮಿ. ಅದೇ ಡ್ರಮ್ಮರ್ ಇನ್ನೆರಡು ಬ್ಯಾಂಡಿನಲ್ಲಿ ಬಾರಿಸುತ್ತಿರುತ್ತಾನೆ.

ಅದಕ್ಕೇ ಎರಡನೇ ಜಾಗ, ಡಿಸ್ಕಾಗ್ಸ್. 2000ದಲ್ಲಿ ಶುರುವಾದ ರೆಕಾರ್ಡುಗಳ ಮಹಾ ಪಟ್ಟಿ. ಅಲ್ಲಿ ಹಾಡು ಕೇಳೋಕೆ ಹೋಗಬೇಡಿ, ಹೆಸರು ಓದೋಕೆ ಹೋಗಿ. ಅಮೆಲಿಯಾ ಫ್ಲೆಚರ್ ಅನ್ನುವ ಒಂದು ಹೆಸರು ಒತ್ತಿದರೆ ಏನೇನು ಸಿಗುತ್ತೆ ಅಂತ ಹೇಳುತ್ತೇನೆ ಕೇಳಿ. ಆಕ್ಸ್‌ಫರ್ಡ್‌ನಲ್ಲಿ 1986ರಲ್ಲಿ ಶುರುವಾದ ತಲುಲಾ ಗಾಶ್, ಆಮೇಲೆ ಹೆವನ್ಲಿ, ಆಮೇಲೆ ಮರೀನ್ ರಿಸರ್ಚ್, ಟೆಂಡರ್ ಟ್ರ್ಯಾಪ್, ಈಗ ಕೆಟನರಿ ವೈರ್ಸ್. ಒಬ್ಬ ಹೆಣ್ಣುಮಗಳ ಹೆಸರಿನ ಕೆಳಗೆ ಐದು ಬ್ಯಾಂಡು, ಮೂವತ್ತು ವರ್ಷಕ್ಕೂ ಮೀರಿದ ಹಾಡುಗಳು. ಈಕೆ ಹಗಲಲ್ಲಿ ಅರ್ಥಶಾಸ್ತ್ರಜ್ಞೆ, ಪ್ರೊಫೆಸರ್. ಬ್ರಿಟನ್ ಸರ್ಕಾರದ ವ್ಯಾಪಾರ ಸ್ಪರ್ಧೆ ನೋಡಿಕೊಳ್ಳುವ ಕಚೇರಿಯಲ್ಲಿ ಮುಖ್ಯ ಅರ್ಥಶಾಸ್ತ್ರಜ್ಞೆಯಾಗಿದ್ದವರು.

ಒಂದು ಎಚ್ಚರಿಕೆ. ಈ ಬ್ಯಾಂಡುಗಳ ಹೆಸರುಗಳು ಹುಡುಕೋಕೆ ಮಹಾ ಕಷ್ಟ. ದಿ ಕ್ಲೀನ್, ದಿ ಬ್ಯಾಟ್ಸ್, ಬ್ರೈಟರ್, ಫ್ಯಾಮಿಲಿ. ಏನಂತ ಹುಡುಕೋದು? ನಾನು ಒಮ್ಮೆ ‘ಹೆವನ್ಲಿ’ ಅಂತ ಹಾಕಿ, ಬಂದ ಮೊದಲ ಆಲ್ಬಮ್ಮನ್ನು ಹಿಂದೆ ಮುಂದೆ ನೋಡದೆ ಕೊಂಡುಬಿಟ್ಟೆ. ಇಯರ್‌ಫೋನ್ ಹಾಕಿ, ಕಣ್ಣು ಮುಚ್ಚಿ, ಒಂದು ಮುದ್ದಾದ ಹಾಡಿಗೆ ಕಾದು ಕೂತೆ. ಎರಡು ಕಾಲಲ್ಲೂ ಡ್ರಮ್ ಒದೆಯುತ್ತಾ, ಗಂಟಲು ಕಿತ್ತುಬರುವ ಹಾಗೆ ಮೇಲಿನ ಸ್ಥಾಯಿಯಲ್ಲಿ ಒಬ್ಬ ಕಿರುಚಿದ. ಫ್ರಾನ್ಸಿನಲ್ಲಿ ಅದೇ ಹೆಸರಿನ ಒಂದು ಪವರ್ ಮೆಟಲ್ ಬ್ಯಾಂಡ್ ಇದೆ ಅಂತ ಅವತ್ತು ಗೊತ್ತಾಯಿತು. ಅಂದಿನಿಂದ ಬ್ಯಾಂಡಿನ ಹೆಸರಿನ ಜೊತೆ ಲೇಬಲ್ಲಿನ ಹೆಸರನ್ನೂ ಹಾಕಿಯೇ ಹುಡುಕುತ್ತೇನೆ.

ಪ್ರಶ್ನೆ: ನನಗೆ ಅರವತ್ತೊಂದು ವರ್ಷ. ಮಗಳು ಇಂಥ ನಾಲ್ಕು ಹಾಡು ಕೇಳಿಸಿದಳು. ರಾಗ ಚೆನ್ನಾಗಿದೆ, ಆದರೆ ಹಾಡುವವರಿಗೆ ಶ್ರುತಿಯೇ ನಿಲ್ಲೋದಿಲ್ಲ. ಹೀಗೆ ಹಾಡಿದ್ದನ್ನು ಯಾಕಾದರೂ ರೆಕಾರ್ಡ್ ಮಾಡುತ್ತಾರಪ್ಪ?

ಉತ್ತರ: ಅಮ್ಮಾ, ನಿಮ್ಮ ಕಿವಿ ಸರಿಯಾಗೇ ಇದೆ. ಶ್ರುತಿ ನಿಲ್ಲೋದಿಲ್ಲ. ನಿಲ್ಲಿಸಬೇಕು ಅಂತ ಅವರಿಗೂ ಅಷ್ಟೇನೂ ಹಟ ಇಲ್ಲ.

ಪಂಕ್ ಅನ್ನುವ ಒರಟು ರಾಕ್ ಸಂಗೀತ ಬಂದಮೇಲೆ ಒಂದು ಮಾತು ಹಬ್ಬಿತು, ಕಲಿತು ಮುಗಿಯುವ ತನಕ ಯಾಕೆ ಕಾಯಬೇಕು, ಗೊತ್ತಿರುವಷ್ಟರಲ್ಲೇ ಶುರು ಮಾಡೋಣ ಅಂತ. ಒಲಿಂಪಿಯಾದ ಬೀಟ್ ಹ್ಯಾಪನಿಂಗ್ ಅನ್ನುವ ಮೂವರ ಬ್ಯಾಂಡಿನಲ್ಲಿ ಬೇಸ್ ಗಿಟಾರೇ ಇಲ್ಲ. ಒಂದು ಹಾಡಿಗೆ ಡ್ರಮ್ಸ್ ಬಾರಿಸಿದವರು ಮುಂದಿನ ಹಾಡಿಗೆ ಗಿಟಾರ್ ಹಿಡಿಯುತ್ತಾರೆ. ಆ ಬ್ಯಾಂಡಿನ ಕ್ಯಾಲ್ವಿನ್ ಜಾನ್ಸನ್ 1982ರಲ್ಲಿ ಶುರು ಮಾಡಿದ ಕೆ ರೆಕಾರ್ಡ್ಸ್ ಇಂಥ ನೂರಾರು ಜನರಿಗೆ ಬಾಗಿಲು ತೆರೆಯಿತು. ನ್ಯೂಜಿಲೆಂಡಿನ ದಿ ಕ್ಲೀನ್ ಬ್ಯಾಂಡಿನ ಮೊದಲ ಸಿಂಗಲ್ ‘ಟ್ಯಾಲಿ ಹೊ’, 1981ರದ್ದು, ರೆಕಾರ್ಡ್ ಮಾಡೋಕೆ ಆದ ಖರ್ಚು ತೀರಾ ಕಮ್ಮಿ. ಆರ್ಗನ್ ಬಾರಿಸಿದ್ದು ಇನ್ನೊಂದು ಬ್ಯಾಂಡಿನಿಂದ ಕರೆತಂದ ಹುಡುಗ. ಆ ಆರ್ಗನ್ ಹಾಡಿನುದ್ದಕ್ಕೂ ಐಸ್‌ಕ್ರೀಂ ಗಾಡಿ ಬಂದ ಹಾಗೆ ಕೂಗುತ್ತಿರುತ್ತೆ, ಸದ್ದೆಲ್ಲ ಡಬ್ಬದೊಳಗಿಂದ ಬಂದಂತಿದೆ, ಆದರೂ ಅದು ಅಲ್ಲಿನ ಟಾಪ್ 20ರೊಳಗೆ ಹೋಯಿತು. ಅದನ್ನೇ ದೊಡ್ಡ ಸ್ಟುಡಿಯೊದಲ್ಲಿ ನೀಟಾಗಿ ಮಾಡಿದ್ದರೆ ಇಷ್ಟೊತ್ತಿಗೆ ಎಲ್ಲರೂ ಮರೆತಿರುತ್ತಿದ್ದರು ಅಂತ ನನಗನಿಸುತ್ತೆ. ನೀವು ಒಪ್ಪಬೇಕಾಗಿಲ್ಲ.

ನಿಮಗೆ ಬೇರೆಯದೇ ಹೇಳುತ್ತೇನೆ. ದಿ ಫ್ರೀ ಡಿಸೈನ್. ನ್ಯೂಯಾರ್ಕಿನ ಒಂದೇ ಮನೆಯ ಅಣ್ಣ ತಮ್ಮ ತಂಗಿಯರು ಸೇರಿ ಹಾಡಿದ್ದು. ಮೊದಲ ಆಲ್ಬಮ್ ‘ಕೈಟ್ಸ್ ಆರ್ ಫನ್’, 1967. ಗಾಳಿಪಟ ಹಾರಿಸೋದು ಎಷ್ಟು ಮಜಾ ಅಂತ, ಒಂದೊಂದು ಕಂಠ ಒಂದೊಂದು ದಾರಿಯಲ್ಲಿ ಹೋಗಿ, ಸರಿಯಾಗಿ ಒಂದೇ ಕಡೆ ಬಂದು ಸೇರುತ್ತವೆ. ಒಂದು ಎಳೆ ಆಚೀಚೆ ಇಲ್ಲ. ಅವರ ಕಾಲದಲ್ಲಿ ಅಷ್ಟಾಗಿ ಯಾರೂ ಕೊಳ್ಳಲಿಲ್ಲ. ಆಮೇಲಿನ ಇಂಡಿ ಬ್ಯಾಂಡುಗಳು ಅವರನ್ನು ತಲೆ ಮೇಲೆ ಹೊತ್ತು ಮೆರೆಸಿದವು. ಮಗಳಿಗೆ ಇದನ್ನು ನೀವೇ ಕೇಳಿಸಿ, ಒಂದು ಸಲಕ್ಕಾದರೂ ನಿಮ್ಮ ಕೈ ಮೇಲಾಗಲಿ.

ಪ್ರಶ್ನೆ: ‘ಟ್ವೀ’ ಅಂದರೆ ಬೈಗುಳ ಅಂತ ಒಬ್ಬರು ಹೇಳಿದರು. ಹೌದಾ?

ಉತ್ತರ: ಇಂಗ್ಲಿಷಿನಲ್ಲಿ ಅತಿ ಮುದ್ದು, ಸಾಕಪ್ಪಾ ಅನಿಸುವಷ್ಟು ಮುದ್ದು ಅಂತ ಅರ್ಥ. ಪತ್ರಿಕೆಗಳವರು ಹಂಗಿಸೋಕೆ ಅಂದರು, ಅಭಿಮಾನಿಗಳು ಅದನ್ನೇ ಬ್ಯಾಡ್ಜ್ ಮಾಡಿ ಎದೆಗೆ ಚುಚ್ಚಿಕೊಂಡರು. ಬ್ಯಾಂಡಿನವರ ಮುಂದೆ ಮಾತ್ರ ಅನ್ನಬೇಡಿ, ಕೆಲವರಿಗೆ ಇನ್ನೂ ಸಿಟ್ಟು ಬರುತ್ತೆ.

ಪ್ರಶ್ನೆ: ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ, ಬೇರೆ ದೇಶದಲ್ಲಿ ಇಂಥದ್ದು ಇಲ್ವಾ?

ಉತ್ತರ: ಬೇಕಾದಷ್ಟಿದೆ. ನನ್ನನ್ನು ಕೇಳಿದರೆ ಈಗ ಅತಿ ಹೆಚ್ಚು ಬಿಸಿಲು ಇರೋದು ಸ್ಪ್ಯಾನಿಷಿನಲ್ಲಿ. ಮ್ಯಾಡ್ರಿಡ್ಡಿನ ಎಲಿಫಂಟ್ ರೆಕಾರ್ಡ್ಸ್ 1989ರಿಂದ ನಡೀತಿದೆ. ಆ ಲೇಬಲ್ಲಿಗೆ ಸಾನ್ ಸೆಬಾಸ್ಟಿಯನ್ನಿನ ಫ್ಯಾಮಿಲಿ ಅನ್ನುವ ಜೋಡಿ 1993ರಲ್ಲಿ ಒಂದೇ ಒಂದು ಆಲ್ಬಮ್ ಮಾಡಿತು, ‘ಉನ್ ಸೋಪ್ಲೊ ಎನ್ ಎಲ್ ಕೊರಜೋನ್’. ಆಮೇಲೆ ಇಲ್ಲ. ಅದರಲ್ಲಿ ಒಬ್ಬರು, ಹಾವಿಯರ್ ಅರಂಬುರು, ಆಮೇಲೆ ಬೇರೆ ಬ್ಯಾಂಡುಗಳಿಗೆ ಮುಖಪುಟ ಮಾಡಿಕೊಡುತ್ತಾ ಹೋದರು. ಅವರು ಮುಖಪುಟ ಮಾಡಿದ ರೆಕಾರ್ಡುಗಳನ್ನು ಹಿಂಬಾಲಿಸಿದರೇ ಸಾಕು, ಇನ್ನಷ್ಟು ಒಳ್ಳೆಯ ಬ್ಯಾಂಡ್ ಸಿಗುತ್ತವೆ. ಲೇಬಲ್, ನಿರ್ಮಾಪಕ, ಡ್ರಮ್ಮರ್ ಆಯಿತು, ಈಗ ಚಿತ್ರಕಾರ.

ಸ್ವೀಡನ್ನಿನವರು ಹಾಡೋದು ಇಂಗ್ಲಿಷಿನಲ್ಲೇ. ಲ್ಯಾಬ್ರಡಾರ್ ಅನ್ನುವ ಲೇಬಲ್ಲಿನ ಆಸಿಡ್ ಹೌಸ್ ಕಿಂಗ್ಸ್ ಕೇಳಿ, ಹೆಸರು ನೋಡಿ ಹೆದರಬೇಡಿ, ಆಸಿಡ್ ಹೌಸ್ ಅಂದರೆ ಕ್ಲಬ್ಬುಗಳಲ್ಲಿ ಕುಣಿಯುವ ಎಲೆಕ್ಟ್ರಾನಿಕ್ ಸಂಗೀತ, ಆದರೆ ಇವರಲ್ಲಿ ಆಸಿಡ್ಡೂ ಇಲ್ಲ ಹೌಸೂ ಇಲ್ಲ, ತೊಳೆದು ಒಣಹಾಕಿದ ಬಿಳಿ ಬಟ್ಟೆಯಂಥ ಹಾಡುಗಳು. ಅದರ ಯೋಹಾನ್ ಆಂಗರ್‌ಗಾರ್ಡ್ ಕ್ಲಬ್ 8ರಲ್ಲೂ ಇದ್ದಾರೆ, ದಿ ಲೆಜೆಂಡ್ಸ್ ಅಂದರೂ ಅವರೇ, ಲೇಬಲ್ ನಡೆಸುತ್ತಿದ್ದವರೂ ಅವರೇ. ಇಂಡೊನೇಷ್ಯಾದ ಬಾಂಡುಂಗ್ ನಗರದ ಮೊಕ್ಕ ನನ್ನ ಮನೆಯಲ್ಲಿ ಎಲ್ಲರಿಗೂ ಇಷ್ಟ. 2002ರ ‘ಮೈ ಡೈರಿ’ ಆಲ್ಬಮ್. ಅದರಲ್ಲಿ ಹಾಡುವವಳೇ ಕೊಳಲನ್ನೂ ನುಡಿಸುತ್ತಾಳೆ, ಹಾಡು ನಿಂತ ಉಸಿರಿನಲ್ಲೇ ಕೊಳಲು ಶುರುವಾಗುತ್ತೆ.

ಪ್ರಶ್ನೆ: ಇತ್ತೀಚೆಗೆ ಒಂದು ‘ಬೀಚ್ ಪಾಪ್’ ಬ್ಯಾಂಡ್ ಇಷ್ಟವಾಯಿತು. ಆಮೇಲೆ ನೋಡಿದರೆ ಸದಸ್ಯರ ಹೆಸರಿಲ್ಲ, ಒಂದೂ ಲೈವ್ ಕಾರ್ಯಕ್ರಮ ಇಲ್ಲ, ಮೂರು ತಿಂಗಳಲ್ಲಿ ಆರು ಆಲ್ಬಮ್. ಇದು ಎಐ ಮಾಡಿದ್ದಿರಬಹುದಾ? ಮೋಸ ಹೋದ ಹಾಗೆ ಅನಿಸುತ್ತಿದೆ.

ಉತ್ತರ: ಮೂರು ತಿಂಗಳಿಗೆ ಆರು ಆಲ್ಬಮ್ ಅಂದರೆ ಅನುಮಾನ ಪಡಬೇಕಾದದ್ದೇ. 2025ರಲ್ಲಿ ವೆಲ್ವೆಟ್ ಸನ್‌ಡೌನ್ ಅನ್ನುವ ‘ಬ್ಯಾಂಡ್’ ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷ ಕೇಳುಗರನ್ನು ದಾಟಿದಮೇಲೆ ಅದು ಎಐ ಸಹಾಯದಿಂದ ಮಾಡಿದ್ದು ಅಂತ ಹೊರಬಿತ್ತು. ಇಲ್ಲೂ ಅದೇ ಉಪಾಯ ಕೆಲಸಕ್ಕೆ ಬರುತ್ತೆ. ಎಳೆ ಹಿಡಿದು ಎಳೆಯಿರಿ. ನಿಜವಾದ ಸಣ್ಣ ಬ್ಯಾಂಡಿಗೆ ಒಂದು ಊರು ಇರುತ್ತೆ, ಅದರ ಡ್ರಮ್ಮರ್ ಬೇರೆ ಕಡೆ ಬಾರಿಸಿರುತ್ತಾನೆ, ಯಾರೋ ಕತ್ತಲಲ್ಲಿ ಅಲ್ಲಾಡುವ ಕೈಯಲ್ಲಿ ತೆಗೆದ ಒಂದು ಕೆಟ್ಟ ವಿಡಿಯೊ ಇರುತ್ತೆ. ಎಳೆದರೆ ಏನೂ ಬರದಿದ್ದರೆ ಬಿಟ್ಟುಬಿಡಿ.

ಆದರೆ ಮುಖ ಇಲ್ಲ ಅನ್ನುವುದೊಂದಕ್ಕೇ ತಪ್ಪು ತಿಳಿಯಬೇಡಿ. ಆ ಆಟ ಹಳೆಯದು. ಎಲಿಫಂಟ್ ಲೇಬಲ್ಲಿನ ಲಾ ಕಾಸಾ ಅಜುಲ್ ಶುರುವಾದಾಗ ಚಿತ್ರಗಳಲ್ಲಿ ಐದು ಜನ ಚಂದದ ಹುಡುಗ ಹುಡುಗಿಯರು ನಗುತ್ತಿದ್ದರು. ಹಾಡು ಕಟ್ಟಿದ್ದು, ನುಡಿಸಿದ್ದು ಮಾತ್ರ ಗಿಯೆ ಮಿಲ್ಕಿವೇ ಅನ್ನುವ ಒಬ್ಬನೇ ಒಬ್ಬ. ಅದು ಗೊತ್ತಾದಮೇಲೂ ಜನ ಅವನನ್ನು ಬಿಡಲಿಲ್ಲ, ಇನ್ನೂ ಪ್ರೀತಿಸಿದರು. ಕೋಣೆಯೊಳಗೆ ಕೂತು ಐದು ಜನರ ಖುಷಿಯನ್ನು ಒಬ್ಬನೇ ಹೊಲಿದಿದ್ದಾನೆ ಅಂದರೆ ಪಾಪ ಅನಿಸುತ್ತೆ, ಅಲ್ವಾ?

ಪ್ರಶ್ನೆ: ಈ ಬ್ಯಾಂಡುಗಳೆಲ್ಲ ಮುಚ್ಚಿಹೋಗಿವೆ, ರೆಕಾರ್ಡುಗಳ ಬೆಲೆ ಆಕಾಶದಲ್ಲಿದೆ. ನಾವು ತಡವಾಗಿ ಬಂದೆವಾ?

ಉತ್ತರ: ಸ್ವಲ್ಪ. ಬೆಲ್ ಅಂಡ್ ಸೆಬಾಸ್ಟಿಯನ್ ಅನ್ನುವ ಬ್ಯಾಂಡ್ 1996ರಲ್ಲಿ ಮೊದಲ ಆಲ್ಬಮ್ ‘ಟೈಗರ್‌ಮಿಲ್ಕ್’ ಮಾಡಿದ್ದು ಗ್ಲಾಸ್ಗೋದ ಒಂದು ಕಾಲೇಜಿನ ಲೇಬಲ್ಲಿಗೆ. ಅಚ್ಚಾಗಿದ್ದು 1000 ಪ್ರತಿ. ಅದನ್ನು ಹುಡುಕಿಕೊಂಡು ಹೋದರೆ ಸಾಲ ಮಾಡಬೇಕು. ಆದರೆ ಹಾಡು ಬೇಕೋ, ಆ ಕಾಗದದ ಹೊದಿಕೆ ಬೇಕೋ ಅಂತ ನೀವೇ ನಿಮ್ಮನ್ನು ಕೇಳಿಕೊಳ್ಳಿ. ಹಾಡಾದರೆ ಮರುಮುದ್ರಣಗಳಿವೆ. ಚೆರಿ ರೆಡ್ ಅನ್ನುವ ಲಂಡನ್ನಿನ ಲೇಬಲ್ ಸಿ86 ಕ್ಯಾಸೆಟ್ಟನ್ನು 2014ರಲ್ಲಿ ಮೂರು ಸಿಡಿಗೆ ಹಿಗ್ಗಿಸಿ ತಂದಿತು, ಆಮೇಲೆ ಸಿ87, ಸಿ88, ಸಿ89 ಅಂತ ಮುಂದುವರಿಸಿತು. ಎರಡು ಸಿಂಗಲ್ ಮಾಡಿ ಮಾಯವಾದವರೆಲ್ಲ ಅಲ್ಲಿ ಸಿಗುತ್ತಾರೆ. ಜೊತೆಗೆ ಬರುವ ಪುಸ್ತಿಕೆಯನ್ನು ಬಿಡದೆ ಓದಿ, ಪ್ರತಿ ಬ್ಯಾಂಡಿನ ಕಥೆ ಅದರಲ್ಲಿರುತ್ತೆ.

ಇನ್ನು ನೋಡುವ ಮಾತು. ನಾನು ನಿಜವಾಗಿ ತಡವಾಗಿದ್ದು ಇಂಡಿಟ್ರ್ಯಾಕ್ಸ್ ಹಬ್ಬಕ್ಕೆ. 2007ರಿಂದ 2019ರ ತನಕ ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿ, ಹಳೆಯ ರೈಲುಗಳನ್ನು ಕಾಪಾಡುವ ಒಂದು ರೈಲುಮಾರ್ಗದ ಜಾಗದಲ್ಲಿ ನಡೆಯುತ್ತಿತ್ತು. ಒಂದು ವೇದಿಕೆ ರೈಲು ನಿಲ್ಲಿಸುವ ಶೆಡ್ಡಿನಲ್ಲಿ, ಇನ್ನೊಂದು ತಗಡಿನ ಪುಟ್ಟ ಚರ್ಚಿನೊಳಗೆ, ಮತ್ತೆ ಓಡುವ ಹಬೆ ರೈಲಿನ ಬೋಗಿಯೊಳಗೇ ಒಬ್ಬರು ಗಿಟಾರ್ ಹಿಡಿದು ಹಾಡೋರು. ಆ ವಿಡಿಯೊಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದಷ್ಟೇ ನನಗೆ ಉಳಿದಿರೋದು. ಹಾಗಂತ ಎಲ್ಲವೂ ಮುಗಿದಿಲ್ಲ. ಹೆವನ್ಲಿ 2023ರಲ್ಲಿ ಮತ್ತೆ ಸೇರಿ ಕಾರ್ಯಕ್ರಮ ಕೊಟ್ಟಿತು. ಸ್ಲಂಬರ್‌ಲ್ಯಾಂಡ್ ಅನ್ನುವ ಅಮೆರಿಕದ ಲೇಬಲ್ 1989ರಿಂದ ಇವತ್ತಿನ ತನಕ ಹೊಸ ಬ್ಯಾಂಡುಗಳನ್ನು ತರುತ್ತಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೊದ ದಿ ಅಂಬ್ರೆಲಾಸ್ ಕೇಳಿ. ಬಿಸಿಲು ಹಾಡು ಮಾಡುವವರು ಬ್ಯಾಂಡಿಗೆ ಛತ್ರಿ ಅಂತ ಹೆಸರಿಟ್ಟುಕೊಂಡಿದ್ದಾರೆ.

ಪ್ರಶ್ನೆ: ಇಷ್ಟೆಲ್ಲ ಹುಡುಕೋಕೆ ನನಗೆ ಪುರಸೊತ್ತಿಲ್ಲ ಸರ್. ಒಂದೇ ಒಂದು ಹಾಡು ಹೇಳಿ.

ಉತ್ತರ: ದಿ ಲಕ್‌ಸ್ಮಿತ್ಸ್, ‘ಟಿ-ಶರ್ಟ್ ವೆದರ್’. ಮೆಲ್ಬರ್ನಿನ ಬ್ಯಾಂಡು. ಹಾಡುವವನೇ ಡ್ರಮ್ಮರ್. ಕಾಲಲ್ಲಿ ಒದೆಯುವ ದೊಡ್ಡ ಡ್ರಮ್ ಇಲ್ಲ, ವೇದಿಕೆಯ ಮುಂದೆ ನಿಂತುಕೊಂಡೇ ಬಾರಿಸುತ್ತಾ ಹಾಡುತ್ತಾನೆ. ಅದಕ್ಕೇ ಇರಬೇಕು, ಆ ಹಾಡಿನ ಲಯದಲ್ಲಿ ಕೂತವರ ಭಾರ ಇಲ್ಲ.